ನಾನು ಹೊಗಳಿದರೆ ಕಂತು ಏರುತ್ತೆ

ನಾನು ಬಾಯಿ ತುಂಬ ಹೊಗಳಿದವರ ವಿಮೆ ಕಂತು ಏರದೆ ಉಳಿದಿದ್ದೇ ಇಲ್ಲ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನ್ನ ವಿಷಯದಲ್ಲಿ ನಮ್ಮ ಮನೆಯೊಂದು ಬಿಟ್ಟು ಹೋದ ಹೋದ ಕಡೆ ಇದೇ ಕಥೆ.

ನನ್ನ ಸೊಸೆ ರಾಯದುರ್ಗದ ಕಡೆಯವಳು, ವಿಮೆ ಏಜೆಂಟು. ಆಂಧ್ರಕ್ಕೆ ಸೇರಿದ ನಮ್ಮ ಮಡಕಶಿರಾ ಸುತ್ತಮುತ್ತ ಅವಳಿಗೆ ಯಾರೂ ಗೊತ್ತಿಲ್ಲ. ನನ್ನನ್ನು ಗೊತ್ತಿಲ್ಲದ ನಾಯಿಯೂ ಇಲ್ಲ. ಅದಕ್ಕೇ ಅವಳ ಸ್ಕೂಟಿ ಹಿಂದೆ ನಾನು. ಅವಳು ಮಾರುವುದು ಟರ್ಮ್ ಪಾಲಿಸಿ. ಸತ್ತರೆ ಮನೆಯವರಿಗೆ ದೊಡ್ಡ ಗಂಟು; ಅವಧಿ ಮುಗಿಯೋವರೆಗೂ ಗಟ್ಟಿಯಾಗಿ ಬದುಕಿದರೆ ಕೈಗೆ ಏನೂ ಇಲ್ಲ. ಈ ತಿಂಗಳು ಒಂದಾದರೂ ಪಾಲಿಸಿ ಮಾಡಿಸದಿದ್ದರೆ ಏಜೆನ್ಸಿ ಹೋಯಿತು ಅಂತ ಮೇಲಿನವರು ಅವಳಿಗೆ ಹೇಳಿಬಿಟ್ಟಿದ್ದರು. ಹೆದರಬೇಡ ತಾಯಿ, ನಿನ್ನ ಮಾವ ಬಾಯಿ ಬಿಟ್ಟರೆ ಬೆಟ್ಟದ ಮೇಲಿನ ಬಂಡೆಯೂ ಎದ್ದು ಬಂದು ಪಾಲಿಸಿ ಮಾಡಿಸುತ್ತೆ ಅಂದೆ.

ಗುಡಿಬಂಡೆಯ ಹೊಗೆ

ಮೊದಲು ಹೋಗಿದ್ದು ಗುಡಿಬಂಡೆಗೆ, ನನ್ನ ಹಳೇ ಸ್ನೇಹಿತನೊಬ್ಬನ ತೋಟಕ್ಕೆ. ಸೊಸೆ ಒಂದೊಂದೇ ಪ್ರಶ್ನೆ ಕೇಳಿದಳು. ಬೀಡಿ, ಸಿಗರೇಟು ಉಂಟಾ ಅಂದಾಗ ಅವನು, ಛೆ ಛೆ, ಮುಟ್ಟೋದೇ ಇಲ್ಲ ಅಂದ.

ನನಗೆ ತಡೆಯಲಿಲ್ಲ. ಇಂಥ ಗಂಡಸಿಗೆ ಇಷ್ಟೊಂದು ಸಂಕೋಚವೇ? ನಮ್ಮ ಕಡೆ ಒಬ್ಬನನ್ನು ಪರಿಚಯ ಮಾಡಿಸುವುದೆಂದರೆ ಅವನ ದೊಡ್ಡಸ್ತಿಕೆ ಹೇಳಬೇಕು. ನಾನು ಹೇಳಿದೆ: ಇವನು ಬೀಡಿ ಹಚ್ಚಿದರೆ ಹಗಲು ಹೊತ್ತಲ್ಲೇ ಬಸ್ಸಿನವರು ಲೈಟು ಹಾಕ್ಕೊಂಡು ಹೋಗುತ್ತಾರೆ, ಒಂದು ಕಟ್ಟು ಮುಗಿಸಿಯೇ ಹಲ್ಲುಜ್ಜೋ ಧೀರ.

ಸೊಸೆ ಅವನ ಮುಖ ನೋಡಿದಳು. ಅವನು ಜೇಬು ಮುಚ್ಚಿಕೊಂಡ. ಅವಳು ಮೊಬೈಲಿನಲ್ಲಿ ತಂಬಾಕು ಉಂಟು ಅಂತ ಒತ್ತಿದಳು, ಕಂತು ಹೆಚ್ಚುಕಡಿಮೆ ದುಪ್ಪಟ್ಟಾಗಿ ಮೇಲಕ್ಕೆ ಹೋಯಿತು. ಅವಳಿಗೆ ನನ್ನ ಮೇಲೆ ಸಿಟ್ಟೇ ಬರಲಿಲ್ಲ, ನೋಡಿ. ಮುಚ್ಚಿಟ್ಟರೆ ನಾಳೆ ನಿಮ್ಮ ಹೆಂಡತಿಗೆ ದುಡ್ಡು ಕೊಡೋ ಹೊತ್ತಿಗೆ ಕಂಪನಿಯವರು ತಕರಾರು ತೆಗೀತಾರ್ರಿ ಅಂತ ಅವನಿಗೇ ಸಮಾಧಾನ ಹೇಳಿದಳು. ಹಿಂಗೆ ನಿಜ ಹೇಳಿ ವ್ಯಾಪಾರ ಮಾಡೋರನ್ನು ನಾನಂತೂ ಕಂಡಿಲ್ಲ.

ಸ್ನೇಹಿತ ಪಾಲಿಸಿ ಬೇಡ ಅಂತ ಹೇಳಿ ನನ್ನನ್ನು ಬೇಲಿಯವರೆಗೆ ಕಳಿಸಲು ಬಂದ. "ಅಲ್ಲ ಕಣಣ್ಣ, ಒಗಳಿ ಹೋಗೋನು ನೀನು. ವರ್ಸಾ ವರ್ಸಾ ಅದರ ದುಡ್ಡು ಕಟ್ಟೋನು ಯಾರು?"

ರೊಳ್ಳದ ಎರಡು ವಯಸ್ಸು

ರೊಳ್ಳದಲ್ಲಿ ಹಿಪ್ಪುನೇರಳೆ ಬೆಳೆಯುವ ಒಬ್ಬ ಗಟ್ಟಿಮುಟ್ಟಾದ ಆಳು. ಈ ಸಲ ನಾನು ಬೀಡಿಯ ಸುದ್ದಿಗೆ ಹೋಗಲಿಲ್ಲ. ಐವತ್ತೂ ದಾಟದ ಎಳೇ ಹುಡುಗ, ಇವನ ನಾಮಕರಣದ ಊಟ ನನ್ನ ನಾಲಿಗೆ ಮೇಲೆ ಇನ್ನೂ ಐತೆ ಅಂತಷ್ಟೇ ಹೊಗಳಿದೆ. ವಯಸ್ಸು ಕಡಿಮೆ ಇದ್ದಷ್ಟೂ ಕಂತು ಕಡಿಮೆ ಅಂತ ದಾರಿಯಲ್ಲಿ ಸೊಸೆ ಕಲಿಸಿದ್ದಳು.

ಅವನು ಆಧಾರ್ ಕಾರ್ಡು ಕೊಟ್ಟ. ಅದರಲ್ಲಿ ಅರವತ್ತೆರಡು; ಕಂತು ಮತ್ತೆ ಮೇಲಕ್ಕೆ. ಮುದುಕರ ಪಿಂಚಣಿ ಬೇಗ ಬರಲಿ ಅಂತ ಪುಣ್ಯಾತ್ಮ ಮೊದಲೇ ವಯಸ್ಸು ಏರಿಸಿಕೊಂಡಿದ್ದ. ಪಿಂಚಣಿಗೆ ಕಾರ್ಡು ನೋಡಿ, ಪಾಲಿಸಿಗೆ ಮುಖ ನೋಡಿ ಅಂತ ಕೇಳಿಕೊಂಡ. ಸೊಸೆ ನಗುತ್ತಲೇ, ಎರಡರಲ್ಲಿ ಒಂದು ವಯಸ್ಸು ಇಟ್ಟುಕೊಂಡು ಮನೆಯವರನ್ನು ಕೇಳಿ ಬರ್ರಿ ಅಂದಳು.

ಹೆಂಡತಿ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದಳು. "ಪಿಂಚಣಿನೇ ಇರ್ಲಿ ಮೇಡಂ. ಅದು ಇವರು ಬದುಕಿದ್ರೆ ಬರೋದು. ಹೊತ್ತೊತ್ತಿಗೆ ಮುದ್ದೆ ಹಾಕೋಕೆ ನನಗೂ ಮನಸಿರುತ್ತೆ."

ನಮ್ಮ ಮನೆ

ತಿಂಗಳು ಮುಗಿಯುತ್ತಾ ಬಂತು. ಒಂದು ಪಾಲಿಸಿಯೂ ಇಲ್ಲ. ಸೊಸೆ ಕೊನೆಗೆ ಸ್ವಂತ ಗಂಡನನ್ನೇ, ಅಂದರೆ ನನ್ನ ಮಗನನ್ನೇ ಹಿಡಿದಳು. ಮಡಕಶಿರಾದಲ್ಲಿ ಅವನದು ಮೋಟಾರು ವೈಂಡಿಂಗ್ ಅಂಗಡಿ. ಎಳೇ ವಯಸ್ಸು, ಬೀಡಿ ಇಲ್ಲ, ರಕ್ತ ಪರೀಕ್ಷೆಯಲ್ಲೂ ಸಕ್ಕರೆ ಗಿಕ್ಕರೆ ಇಲ್ಲ.

ಕಂಪನಿಯ ಡಾಕ್ಟರು ಫೋನಿನಲ್ಲಿ, ಮನೆತನದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇತ್ತಾ ಅಂತ ತೆಲುಗಿನಲ್ಲಿ ಕೇಳಿದರು. "ಮಾವಾರ, ನೀವು ಸುಮ್ನೆ ಕುಂದರ್ರಿ" ಅಂತ ಸೊಸೆ ಹೇಳುವಷ್ಟರಲ್ಲಿ ಫೋನು ನನ್ನ ಕೈಲಿತ್ತು.

ಹೇಳಿದೆ. ನಮ್ಮಪ್ಪ ನೂರೆಂಟನೇ ವರ್ಷದಲ್ಲಿ ಹುಣಸೆ ಮರದಿಂದ ಬಿದ್ದು ಹೋದ, ಬೀಳದಿದ್ದರೆ ಈ ಹೊತ್ತೂ ಮರದ ಮೇಲೇ ಇರುತ್ತಿದ್ದ. ನಮ್ಮ ತಾತನಿಗೆ ಸಾವೇ ಬರಲೊಲ್ಲದು. ಊರವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ತಾನಾಗಿ ಹೋದ. ಕಾಯಿಲೆಯಿಂದ ಸತ್ತವರು ನಮ್ಮಲ್ಲಿ ಒಬ್ಬರೂ ಇಲ್ಲ.

ಕಂತು ಎಲ್ಲಕ್ಕಿಂತ ಕಡಿಮೆ ದರಕ್ಕೆ ಬಂತು. ವಯಸ್ಸು, ರಕ್ತ ನೋಡಿ ಕೊಟ್ಟಿದ್ದು ಅಂತ ಸೊಸೆ ಅಂದಳು. ಯಾರ ಮಾತಿಗೆ ಕೊಟ್ಟರು ಅಂತ ನನಗೆ ಗೊತ್ತು.

ಆದರೆ ಮಗ ತಿರುಗಿಬಿದ್ದ. ತಿಂಗಳ ಕಡೇ ದಿನ, ಮೊಬೈಲಿನಲ್ಲಿ ಒಪ್ಪಿಗೆ ಕೊಡುವುದೊಂದೇ ಬಾಕಿ. ನಮ್ಮ ಮನೆಯಲ್ಲಿ ಯಾರೂ ಸಾಯೋದೇ ಇಲ್ಲವಲ್ಲ, ಸುಮ್ಮನೆ ಯಾಕೆ ಕಟ್ಟಲಿ, ಬೇಡ ಅಂದ. ಸೊಸೆ ಅಳಲಿಲ್ಲ, ಬೈಯಲಿಲ್ಲ. ಅವಳಂಥ ಏಜೆಂಟು ಇಡೀ ಸೀಮೆಯಲ್ಲಿ ಇಲ್ಲ.

"ಆತು ಬಿಡ್ರಿ. ಮಾವಾರು ಹೇಳಿದ್ದೆಲ್ಲಾ ಖರೇ ಅಂತ ನಿಮಗೆ ನಂಬಿಕೆ ಇದ್ರ ಪಾಲಿಸಿ ಬ್ಯಾಡ."

ಮಗ ನನ್ನ ಕಡೆ ತಿರುಗಿದ. ನಾನು ಮೀಸೆ ತಿರುವಿ, ಮುತ್ತಾತನಿಗೆ ತೊಂಬತ್ತರಲ್ಲಿ ಹೊಸ ಹಲ್ಲು ಬಂದ ಸಂಗತಿ ಶುರು ಮಾಡಿದೆ. ಅವನು ಪೂರ್ತಿ ಕೇಳಲಿಲ್ಲ. ಮೊಬೈಲು ಎತ್ತಿಕೊಂಡು ಹೆಂಡತಿಯನ್ನು ಕೇಳಿದ:

"ಆ ಓಟಿಪಿ ಬರೋಕೆ ಎಷ್ಟೊತ್ತಾಗುತ್ತೆ?"