ನಮ್ಮ ಮಾಳಿಗೆಯ ಮೇಲಿನ ಮಣ್ಣು

ಹಿರಿಯರು ಕಟ್ಟಿಸಿದ ಮನೆಯಲ್ಲಿ ವಾಸಿಸುವವನಿಗೆ ಒಂದು ಬಗೆಯ ಜಂಬ ತಾನಾಗಿಯೇ ಬಂದುಬಿಡುತ್ತದೆ. ಆದವಾನಿಯ ನಮ್ಮ ಮನೆಯನ್ನು ಕಟ್ಟಿಸಿದ್ದು ಮುತ್ತಜ್ಜ. ಅದನ್ನು ಕಾಪಾಡಿಕೊಂಡು ಬಂದವನು ನಾನು ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಕಾಪಾಡುವುದೆಂದರೆ ಏನು ಮಾಡುತ್ತೀಯೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಂಗತಿ ಇಷ್ಟು ದೂರ ಬರುತ್ತಿರಲಿಲ್ಲ.

ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯ ಚೌಳು ಮಣ್ಣು ತಂದು ಹರಡಿ ಬಡಿದು ಗಟ್ಟಿ ಮಾಡಿಸಿದರೆ ಆ ವರ್ಷ ಒಂದು ಹನಿಯೂ ಸೋರುವುದಿಲ್ಲ. ಹಳೆಯ ಮಣ್ಣನ್ನು ಕೆರೆದು ತೆಗೆದೇ ಹೊಸದನ್ನು ಹಾಕಬೇಕು. ಆದರೆ ಅಜ್ಜನಿಗೆ ತಮ್ಮ ತಂದೆ ಹಾಕಿಸಿದ ಮಣ್ಣನ್ನು ತೆಗೆಯಲು ಮನಸ್ಸು ಬಾರದೆ ಅದರ ಮೇಲೆಯೇ ಹಾಕಿಸಿದರು. ಅಪ್ಪ ಅಜ್ಜನ ಮಣ್ಣಿನ ಮೇಲೆ ಹಾಕಿಸಿದರು. ನಾನಂತೂ ಭಕ್ತಿ ಹೆಚ್ಚಾಗಿ ಒಂದೊಂದು ವರ್ಷ ಎರಡೆರಡು ಸಲ ಹಾಕಿಸಿದೆ. ಹತ್ತಿ ಪ್ರೆಸ್ಸಿನಲ್ಲಿ ದಿನವಿಡೀ ಅಂಡಿಗೆ, ಎಂದರೆ ಹತ್ತಿಯ ಮೂಟೆ, ತೂಗಿಸುವುದು ನನ್ನ ಉದ್ಯೋಗ. ಊರಿನ ಹತ್ತಿಯನ್ನೆಲ್ಲ ತೂಗಿಸಿದವನಿಗೆ ತಲೆಯ ಮೇಲಿನ ಮಣ್ಣಿನ ಭಾರ ಒಮ್ಮೆಯೂ ನೆನಪಾಗಲಿಲ್ಲ.

ಪಡಸಾಲೆಯ ನಡುವಿನ ತೊಲೆ ತೀರ ಕೆಳಗಿತ್ತು. ದೇವರ ಕೋಣೆಗೆ ಹೋಗುವವರು ಅಲ್ಲಿ ತಲೆ ಬಾಗಿಸಲೇಬೇಕು. ಶಿವನ ಮುಂದೆ ತಲೆಯೆತ್ತಿ ಹೋಗಬಾರದೆಂದು ಹಿರಿಯರು ಬೇಕೆಂದೇ ಹಾಗೆ ಕಟ್ಟಿಸಿದ್ದಾರೆಂದು ಅಪ್ಪ ನನಗೆ ಹೇಳಿದ್ದರು, ನಾನು ಬೀಗರಿಗೆಲ್ಲ ಹೇಳಿದೆ. ಹೊಳಗುಂದದ ನಮ್ಮ ಷಡ್ಡಕರು ಇದನ್ನು ಎಷ್ಟು ಮೆಚ್ಚಿದರೆಂದರೆ, ತಮ್ಮ ಹೊಸ ಮನೆಯ ದೇವರ ಕೋಣೆಯ ಬಾಗಿಲನ್ನು ಎದೆಮಟ್ಟಕ್ಕೆ ಇಡಿಸಿ ದಿನಾ ಹಣೆ ಉಜ್ಜಿಕೊಳ್ಳುತ್ತಿದ್ದರು.

ಯುದ್ಧದ ಕಾಲದ ಒಂದು ಬೇಸಗೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಆ ತೊಲೆ ಲಟಕ್ಕೆಂದಿತು. ನೋಡಿದರೆ ಬೆರಳು ತೂರುವಷ್ಟು ಬಿರುಕು. ಅದರ ಕೆಳಗೇ ನಮ್ಮ ಇಬ್ಬರು ಮಕ್ಕಳು ಕುಳಿತಿದ್ದರು. ನನ್ನ ಹೆಂಡತಿ ಗೌರಮ್ಮ ಅವರನ್ನು ತಟ್ಟೆ ಸಮೇತ ಅಂಗಳಕ್ಕೆ ಎಳೆದುಕೊಂಡು ಹೋದಳು.

"ಮನಿ ನಿಮ್ಮ ಮುತ್ಯಾಂದು, ಮಕ್ಕಳು ನನ್ನವು. ಆ ಮಣ್ಣು ಇಳಿಸೋ ತನಕ ನಾನು ಗೋನೆಗಂಡ್ಲದಾಗ ತವರುಮನಿಯಾಗ ಇರ್ತೀನಿ. ನೀವು ನಿಮ್ಮ ತೊಲಿ ಕಾಯ್ಕೋತ ಕುಂದರ್ರಿ" ಎಂದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ತೊಲೆ ಬಿದ್ದರೆ ಮನೆಯೇ ಹೋಯಿತು, ಇವಳು ಹೋದರೆ ಮನೆಯಿದ್ದೂ ಪ್ರಯೋಜನವಿಲ್ಲ.

ಆಕೆ ಗಂಟು ಕಟ್ಟುವ ಮುಂಚೆ, ಆ ದಿನವೇ ಮೇಸ್ತ್ರಿ ನಬೀಸಾಬರನ್ನು ಕರೆತಂದೆ. ಅವರು ಮಾಳಿಗೆ ಹತ್ತಿ, ಹಾರೆಯಿಂದ ಒಂದು ಕುಣಿ ತೋಡಿ ಕೈ ಇಳಿಸಿದರು. ಮೊಣಕೈ ದಾಟಿ ತೋಳೂ ಮುಳುಗಿತು, ಜಂತಿ ಸಿಗಲಿಲ್ಲ.

"ಅರೆ ಸ್ವಾಮಿ, ಮ್ಯಾಲೆ ಒಂದು ಹೊಲಾನ ಇಟ್ಕೊಂಡೀರಲ್ರೀ! ಎರಡು ಎತ್ತು ಹತ್ತಿಸಿದ್ರ ಜ್ವಾಳ ಬೆಳೀಬಹುದು" ಎಂದರು.

"ತೊಲಿ ಹಳೇದಾತಲ್ರಿ ಸಾಹೇಬ್ರ, ಅದಕ್ಕ..." ಎಂದೆ.

"ತೊಲಿ ಸಾಗವಾನಿ ಐತ್ರಿ, ಅದರದೇನೂ ತಪ್ಪಿಲ್ಲ. ನಿಮ್ಮ ಸೇವಾ ತಡೀಲಾರದ ಬಗ್ಗೈತಿ, ಅಷ್ಟ."

ಮೂರು ದಿನ ಮಣ್ಣು ಇಳಿಯಿತು. ಮೂರು ತಲೆಮಾರಿನ ಅಕ್ಕರೆ ಬುಟ್ಟಿ ಬುಟ್ಟಿಯಾಗಿ ಹಿತ್ತಲಿಗೆ ಬೀಳುವುದನ್ನು ನೋಡಿ ನನಗೆ ಸಂಕಟವಾಯಿತು. ಪ್ರೆಸ್ಸಿನಿಂದ ಎರವಲು ತಂದ ಜಾಕಿಯಿಂದ ತೊಲೆಯನ್ನು ಮೆಲ್ಲಗೆ ಎತ್ತಿ ಎರಡು ಕಂಬ ಕೊಟ್ಟರು. ಮುತ್ತಜ್ಜನ ಕಾಲದಲ್ಲಿ ಅದರ ಕೆಳಗೆ ಎತ್ತರದ ಆಳು ರುಮಾಲು ಸುತ್ತಿಕೊಂಡೇ ನೆಟ್ಟಗೆ ಹೋಗಬಹುದಿತ್ತೆಂದು ಆಗ ತಿಳಿಯಿತು. ನಮ್ಮ ಮನೆತನದ ವಿನಯವೆಲ್ಲ ಹಳ್ಳದ ಮಣ್ಣಿನಿಂದ ಬಂದದ್ದು. ಷಡ್ಡಕರಿಗೆ ಇದನ್ನು ನಾನಿನ್ನೂ ತಿಳಿಸಿಲ್ಲ.

ನಬೀಸಾಬರು ನಾಲ್ಕು ಬೆರಳು ದಪ್ಪ ಹೊಸ ಮಣ್ಣು ಹಾಕಿ, ಇನ್ನು ಮುಂದೆ ಒಂದು ಬುಟ್ಟಿ ಹಾಕುವ ಮುಂಚೆ ಒಂದು ಬುಟ್ಟಿ ತೆಗೆಯಬೇಕೆಂದು ಹೇಳಿಹೋದರು. ಗೌರಮ್ಮ ದೇವರ ಮುಂದೆ ನನ್ನಿಂದ ಆಣೆಯನ್ನೂ ಮಾಡಿಸಿದಳು.

ಮೊದಲ ಮಳೆಗೆ ಪಡಸಾಲೆಯ ಮೂಲೆಯಲ್ಲಿ ಒಂದು ಹನಿ ಬಿತ್ತು. ಒಂದೇ ಒಂದು. ನಾನಲ್ಲದೆ ಬೇರೆ ಯಾರೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಗೌರಮ್ಮ ಒಲೆಯ ಮುಂದಿದ್ದಾಗ ಹಿತ್ತಲಿನ ಗುಡ್ಡೆಯಿಂದ ಒಂದು ಬುಟ್ಟಿ ತುಂಬಿಕೊಂಡು ಏಣಿ ಹತ್ತಿದೆ.

"ಮ್ಯಾಲೆ ಏನ್ ಮಾಡಾಕ ಹತ್ತೀರಿ?" ಎಂದು ಕೆಳಗಿನಿಂದ ಕೇಳಿಸಿತು.

"ಏನಿಲ್ಲ, ಮೋಡ ನೋಡಾಕ ಬಂದೀನಿ" ಎಂದೆ.

ತಲೆಯ ಮೇಲೆ ಬುಟ್ಟಿ ಹೊತ್ತು ಮೋಡ ಹೇಗೆ ನೋಡುತ್ತೀರೆಂದು ಆಕೆ ಕೇಳಲಿಲ್ಲ. ಏಣಿ ಎತ್ತಿಕೊಂಡು ಒಳಗೆ ಹೋದಳು. ಪ್ರೆಸ್ಸಿನ ಸಿಳ್ಳು ಎರಡು ಸಲ ಕೂಗಿದಾಗಲೂ ನಾನು ಮುತ್ತಜ್ಜನ ಮಾಳಿಗೆಯನ್ನು ಕಾಯುತ್ತ ಕುಳಿತೇ ಇದ್ದೆ.