ಕಾಕಾ ಹೊತ್ತು ತಂದ ಕೂಸುಗಳು

ನಮ್ಮ ಕಾಕಾನಂಥ ಕಿತಾಪತಿ ಮನುಷ್ಯ ಹುಬ್ಬಳ್ಳಿಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಧಾರವಾಡದಲ್ಲಂತೂ ಇರಲಿಕ್ಕೇ ಸಾಧ್ಯವಿಲ್ಲ, ಅಲ್ಲಿಯವರು ಸಭ್ಯರು! ಈಗ ಕಾಕಾ ಮಾತಾಡಲಾರರು. ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿದೆ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅಳುಮೋರೆ ಹಾಕಿಕೊಂಡು ಶುರುಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ.

ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಕಲ್ಯಾಣ ಮಂಟಪ ಕಾಯ್ದಿರಿಸುವ ಆ್ಯಪ್ ಮಾಡುತ್ತೇವೆ. ನಾನು ಸ್ಕ್ರಮ್ ಮಾಸ್ಟರ್, ಎಂದರೆ ತಂಡದ ಕೆಲಸ ಸುಸೂತ್ರ ಸಾಗುವಂತೆ ನೋಡಿಕೊಳ್ಳುವವಳು. ಹೆಸರಿನಲ್ಲಿ ಮಾಸ್ಟರ್ ಇದ್ದರೂ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎಲ್ಲರೂ ವೃತ್ತವಾಗಿ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿಯಿದೆ ಎಂದು ಹೇಳಬೇಕು. ನಿಂತರೆ ಮಾತು ಬೇಗ ಮುಗಿಯುತ್ತದೆ ಎಂದು ಈ ಪದ್ಧತಿ. ಇದನ್ನು ಕಂಡುಹಿಡಿದವರು ನಮ್ಮ ಕಡೆಯವರನ್ನು ನೋಡಿರಲಿಕ್ಕಿಲ್ಲ! ‘ಬರ್ತೇನ್ರಿ’ ಎಂದು ಎದ್ದು ಚಪ್ಪಲಿ ಮೆಟ್ಟಿದ ಮೇಲೆ ತಾನೇ ನಮ್ಮವರ ನಿಜವಾದ ಮಾತು ಶುರುವಾಗುವುದು?

ಕಾಕಾ ನಮ್ಮ ಟೆಸ್ಟರ್. ಎಲ್ಲರಿಗಿಂತ ಹಿರಿಯರಾದ್ದರಿಂದ ಕಾಕಾ. ಪ್ರೋಗ್ರಾಮರ್ ಬರೆದದ್ದರಲ್ಲಿ ತಪ್ಪು ಹುಡುಕುವುದೇ ಟೆಸ್ಟರನ ಕೆಲಸ. ಹಾಗಾಗಿ ಇಬ್ಬರೂ ಹಾವು ಮುಂಗುಸಿಯಂತಿರುವುದು ಎಲ್ಲ ಕಡೆಯೂ ಇದ್ದದ್ದೇ. ಕಾಕಾ ಮಾತ್ರ ತಪ್ಪು ಸಿಕ್ಕಿದೊಡನೆ ಎರಡೂ ತೋಳುಗಳನ್ನು ತೊಟ್ಟಿಲು ಮಾಡಿ, ತೂಗುತ್ತಾ ಬರುತ್ತಿದ್ದರು.

“ಯಾರದೋ ಕೂಸು ಅಳಾಕತ್ತೈತ್ರಿ. ಲಗೂ ಬಂದು ಎತ್ಕೋರಿ.”

ನಮ್ಮ ಹಿರಿಯ ಪ್ರೋಗ್ರಾಮರ್ ಪಾಟೀಲ, ಮಹಾ ಕೋಪಿಷ್ಠ. “ಅದು ನಂದಲ್ರಿ!” ಎನ್ನುತ್ತಿದ್ದ.

“ಮೂಗು ನೋಡಿದ್ರ ನಿಮ್ಮಂಗ ಐತಲ್ರಿ ಪಾಟೀಲ್ರ!”

ಅಷ್ಟಾದ ಮೇಲೆ ಯಾರು ಜಗಳಾಡುತ್ತಾರೆ? ಪಾಟೀಲ ಗೊಣಗುತ್ತಲೇ ತೋಳು ಚಾಚಿ ಕೂಸನ್ನು ಎತ್ತಿಕೊಳ್ಳುತ್ತಿದ್ದ. ಮಧ್ಯಾಹ್ನದೊಳಗೆ ಅದು ಸರಿಹೋಗಿರುತ್ತಿತ್ತು.

ಒಮ್ಮೆ ಹೊಸದಾಗಿ ಸೇರಿದ ಶಿಲ್ಪಾ, ಪ್ರಯೋಗಕ್ಕೆಂದು ಬರೆದ ಸಂದೇಶವನ್ನು ನಿಜವಾದ ಗ್ರಾಹಕರಿಗೆಲ್ಲ ಕಳಿಸಿಬಿಟ್ಟಳು. ‘ನಿಮ್ಮ ಮದುವೆ ರದ್ದಾಗಿದೆ.’ ಅಷ್ಟೇ! ಅರ್ಧ ಜಿಲ್ಲೆಯ ಬೀಗರು ಫೋನ್ ಮಾಡಿ ನಮ್ಮ ಜನ್ಮ ಜಾಲಾಡಿದರು. ಹುಡುಗಿ ಅತ್ತೂ ಅತ್ತೂ ಮರುದಿನ ಸಭೆಯಲ್ಲಿ, “ನಾಳಿಂದ ಬರೂದಿಲ್ರಿ ಮೇಡಂ” ಎಂದಳು. ಕಾಕಾ ಮುಂದೆ ಬಂದರು.

“ಈ ಕೂಸಿಗೆ ಆಕಿ ಒಬ್ಬಾಕೀನ ಅವ್ವ ಅಲ್ರಿ. ತಪಾಸಣಿ ಮಾಡಾಂವ ನಾನ. ಗಿರ್ಮಿಟ್ ತಿನ್ಕೋಂತ, ಎಲ್ಲಾ ಛಲೋ ಐತಿ ಅಂತ ಒತ್ತಿಬಿಟ್ಟೆ!” ಎಂದು ತಾವೇ ಗಹಗಹಿಸಿ ನಕ್ಕರು. “ಇನ್ನೊಂದು ಹೇಳ್ತೇನಿ ಕೇಳ್ರಿ. ಒಬ್ಬ ಮದುಮಗ ಫೋನ್ ಮಾಡಿದ್ದ. ‘ರದ್ದಾಗಿದ್ದು ಖರೇ ಏನ್ರಿ? ಇನ್ನೊಮ್ಮೆ ನೋಡಿ ಹೇಳ್ರೆಲಾ’ ಅಂದ. ಪಾಪ, ಭಾಳ ಆಸೆ ಇತ್ತು ಅಂವಗ!”

ಶಿಲ್ಪಾ ಕಣ್ಣೀರಿನ ನಡುವೆಯೇ ಫಕ್ಕನೆ ನಕ್ಕಳು. ಅವಳು ನಕ್ಕ ಮೇಲೆಯೇ ನಾವು ನಕ್ಕದ್ದು. ಅಂದಿನಿಂದ ಅದೇ ನಮ್ಮ ಕಾಯಿದೆಯಾಯಿತು: ತಪ್ಪು ಮಾಡಿದವರೇ ಅದನ್ನು ಹೇಳಬೇಕು, ಮೊದಲು ಅವರೇ ನಗಬೇಕು, ಆಮೇಲೆ ಉಳಿದವರು. ತಪ್ಪು ಮುಚ್ಚಿಡುವ ಚಟ ನಮ್ಮ ತಂಡದಿಂದ ತಾನಾಗಿಯೇ ಹೋಯಿತು. ದೊಡ್ಡ ತರಬೇತಿಗೆ ಹೋಗಿ ಬಂದ ನನಗೆ ಈ ಉಪಾಯ ಹೊಳೆದಿರಲಿಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು.

ಕಾಕಾನ ದನಿ ಒಡೆಯತೊಡಗಿದ್ದು ಈಚೆಗೆ. ಗೇಲಿ ಮಾಡಿದೆವು. ಒಂದು ಬೆಳಿಗ್ಗೆ ನಾನು ಎಂದಿನಂತೆ, “ಏನರ ಅಡ್ಡಿ ಐತೇನ್ರಿ ಕಾಕಾ?” ಎಂದೆ.

“ಐತ್ರಿ ಮೇಡಂ. ಗಂಟಲದಾಗ ಒಂದು ಕೂಸು ಕುಂತೈತಿ. ಈ ಸಲ ನಂದ. ದನಿಪೆಟ್ಟಿಗಿನ ತಗೀತಾರಂತ.” ಹೇಳಿ ನಕ್ಕರು. ನಮ್ಮಲ್ಲಿ ಯಾರೂ ನಗಲಿಲ್ಲ. “ಯಾಕ್ರಿ, ನಾ ಮೊದಲ ನಕ್ಕೇನಲ್ಲ!” ಎಂದರು. ಪಾಟೀಲ, ಆ ಕೋಪಿಷ್ಠ ಪಾಟೀಲ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾವೆಲ್ಲ ನವನಗರದ ಅವರ ಮನೆಗೆ ನೋಡಲು ಹೋದೆವು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕಾಕಾ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿಯನ್ನು ಕಾಕೂ ಎಂದೇ ಕರೆದೆವು. ಕಾಕೂ ಚಹಾ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲ ಬಳಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಸಂಕೋಚದಿಂದ ಕೇಳಿದರು.

“ಇವರು ಆಫೀಸಿನ್ಯಾಗ ಭಾಳ ನಗಸ್ತಿದ್ರಂತಲ್ರಿ? ಮನ್ಯಾಗ ಮಾತ ಕಡಿಮಿ. ದಣದು ಬರೋರು, ಉಂಡು ಮಕ್ಕೊಳ್ಳೋರು. ಭಾಳ ಗಂಭೀರ ಮನಷ್ಯಾರು ಅಂತ ತಿಳಿದಿದ್ದೆ ನಾ. ಏನಂತಿದ್ರರೀ? ಒಂದೆರಡು ನನಗೂ ಹೇಳ್ರೆಲಾ.”

ಈಕೆಯ ಪಾಲಿನ ನಗುವನ್ನೂ ನಾವೇ ಇಷ್ಟು ದಿನ ಉಂಡೆವೇನೋ ಎನಿಸಿ ನನಗೆ ಸಂಕಟವಾಯಿತು. ಶಿಲ್ಪಾ ಎದ್ದಳು. ಕೂಸಿನ ಕಥೆ ಶುರುಮಾಡಿದಳು. ಅವಳು ತಡವರಿಸಿದಲ್ಲಿ ಪಾಟೀಲ ಮುಂದುವರಿಸಿದ. ಮದುಮಗನ ದನಿಯನ್ನು ಅವನೇ ಅಣಕಿಸಿದ. ಕಾಕಾ ಕೂತಲ್ಲಿಂದಲೇ ತೋಳು ತೂಗಿ, ಕಿವಿಗೆ ಫೋನ್ ಹಿಡಿದಂತೆ ಮಾಡಿ, ಬಿಟ್ಟುಹೋದದ್ದನ್ನು ನೆನಪಿಸುತ್ತಿದ್ದರು. ಕಾಕೂ ಸೆರಗು ಬಾಯಿಗೆ ಹಿಡಿದು, ಬಾಗಿಲಿಗೆ ಆತುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಆಮೇಲೆ ನಗು ನಿಲ್ಲಿಸಿ ಗಂಡನ ಕಡೆ ತಿರುಗಿದರು.

“ಇಷ್ಟು ವರ್ಷದಾಗ ನನಗ ಒಂದರ ಹೇಳಬಾರದಾಗಿತ್ತೇನ್ರಿ?”

ಕಾಕಾ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಪಕ್ಕದ ಕುರ್ಚಿಯನ್ನು ಹತ್ತಿರ ಎಳೆದು, ಕೂತುಕೋ ಎಂದು ಆಕೆಗೆ ಕೈಸನ್ನೆ ಮಾಡಿದರು.