ಮಾಸ್ಟರ ಕೊನೆಯ ಗುಂಡಿ

ಟೈಲರ್ ಮಾಸ್ಟರಿಗೆ ಕಂಪ್ಯೂಟರ್ ಆಟಗಳ ಮೇಲಿದ್ದ ಮೊದಲ ತಕರಾರು ಏನೆಂದರೆ, ಅವುಗಳನ್ನು ಮಾಡುವವರಲ್ಲಿ ಒಬ್ಬನಿಗೂ ಹೊಲಿಗೆ ಗೊತ್ತಿಲ್ಲ.

"ನೋಡಿ ಸ್ವಾಮಿ ಇವನನ್ನ," ಎಂದು ಅಳತೆ ಕೊಡಲು ಬಂದ ಗಿರಾಕಿಯ ಕುತ್ತಿಗೆಗೆ ಟೇಪು ಸುತ್ತಿ, ಹಾಗೇ ಕಂಪ್ಯೂಟರ್ ಪರದೆಯ ಮೇಲಿನ ಸೈನಿಕನ ಕಡೆಗೆ ತಿರುಗಿಸುತ್ತಿದ್ದರು. "ಕೆಸರಲ್ಲಿ ತೆವಳಿದ, ಮುಳ್ಳುತಂತಿ ಹಾರಿದ, ಮಹಡಿಯಿಂದ ಧುಮುಕಿದ. ಪ್ಯಾಂಟಿನ ಇಸ್ತ್ರಿ ಗೆರೆ ಒಂಚೂರಾದ್ರೂ ಅಲ್ಲಾಡಿದೆಯಾ? ಈ ಬಟ್ಟೆ ಎಲ್ಲಿ ಸಿಗುತ್ತೆ ಅಂತ ಹೇಳಲಿ, ನಾನೇ ಒಂದು ಥಾನು ತರಿಸ್ತೀನಿ!"

ಗಿರಾಕಿ ಹೌದೌದು ಎನ್ನುತ್ತಿದ್ದ. (ಕುತ್ತಿಗೆಗೆ ಟೇಪು ಬಿದ್ದಿರುವಾಗ ಯಾರೂ ವಾದಕ್ಕೆ ಇಳಿಯುವುದಿಲ್ಲ.)

ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರಕ್ಕೂ ಇಸ್ತ್ರಿ ಮೇಜಿಗೂ ನಡುವೆ ಕಂಪ್ಯೂಟರ್ ವಿರಾಜಮಾನವಾಗಿತ್ತು. ಮಗಳು ಚಿಕ್ಕವಳಿದ್ದಾಗ ಅವಳ ಓದಿಗೆಂದು ತಂದದ್ದು. ಅವಳು ಓದಿದಳು, ಇವರು ಆಡಿದರು. ಆಡಿ ಆಡಿ ಬೀದಿಗೆಲ್ಲ ಗೇಮಾಚಾರ್ಯರಾದರು. ಕಾರ್ ರೇಸಿನ ಆಟದ ಬಗ್ಗೆ ಕೇಳಿದರೆ, "ಅಷ್ಟುದ್ದ ರಸ್ತೇಲಿ ಒಂದು ಹಳ್ಳ ಇಲ್ಲ, ಅಡ್ಡ ಬರೋ ನಾಯಿ ಇಲ್ಲ, ಅದೂ ಒಂದು ಡ್ರೈವಿಂಗಾ?" ಎಂದು ಮೂಗು ಮುರಿಯುತ್ತಿದ್ದರು. (ಅದೇ ಆಟದಲ್ಲಿ ತಿರುವು ಬಂದಾಗ ಮೈಯನ್ನೂ ತಿರುಗಿಸಲು ಹೋಗಿ ಕುರ್ಚಿಯಿಂದ ಉರುಳಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ.) ಬೇಸಾಯದ ಆಟ ಅವರ ಪ್ರಕಾರ ಸೋಮಾರಿಗಳಿಗೆ: ಬೆಳಿಗ್ಗೆ ಬಿತ್ತಿದ್ದು ಸಂಜೆಗೆ ಕೊಯ್ಲು. ಮೇಲಿಂದ ಇಟ್ಟಿಗೆ ಬೀಳುವ ಹಳೆಯ ಆಟ ಒಂದಕ್ಕೇ ನೂರಕ್ಕೆ ನೂರು. ಒಂದು ಚೂರೂ ವ್ಯರ್ಥವಾಗದಂತೆ ತುಂಡುಗಳನ್ನು ಹೊಂದಿಸುವ ಆ ವಿದ್ಯೆ ಕತ್ತರಿ ಹಿಡಿದವರಿಗೇ ಗೊತ್ತು. ಅಲ್ಲದೆ ಆ ಆಟಕ್ಕೆ ಕೊನೆಯೇ ಇಲ್ಲ.

ಉಳಿದೆಲ್ಲ ಆಟಗಳ ಮೇಲೂ ಅವರ ಅಂತಿಮ ತೀರ್ಪು ಒಂದೇ: "ಆಟ ಪರವಾಗಿಲ್ಲ. ಕೊನೇಲಿ ಹಳ್ಳ ಹಿಡಿಸಿಬಿಟ್ಟಿದ್ದಾರೆ."

ಈ ತೀರ್ಪು ಹೊರಬೀಳುವ ಹೊತ್ತಿಗೆ ಸರಿಯಾಗಿ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವಳು ಬೆಳಗಿನ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಪಾಪ, ಕಲೆಯ ರುಚಿ ಇಲ್ಲ ಎಂದು ಮಾಸ್ಟರು ಒಳಗೊಳಗೇ ಮರುಗುತ್ತಿದ್ದರು.

ಮಾಸ್ಟರಿಗೆ ಇನ್ನೊಂದು ಖ್ಯಾತಿಯೂ ಇತ್ತು. ಅವರು ಹೊಲಿದ ಅಂಗಿಯಲ್ಲಿ ಯಾವಾಗಲೂ ಒಂದು ಗುಂಡಿ ಕಡಿಮೆ ಇರುತ್ತಿತ್ತು. ಕತ್ತರಿಸುವಾಗ ಹುಮ್ಮಸ್ಸು, ಹೊಲಿಯುವಾಗ ಹಾಡು, ಕೊನೆಯ ಗುಂಡಿಗೆ ಬಂದಾಗ ಅದೇನೋ ಕೈಯೇ ಏಳುತ್ತಿರಲಿಲ್ಲ. "ಸಂಜೆ ಬನ್ನಿ, ಒಂದೇ ಒಂದು ಗುಂಡಿ ಬಾಕಿ" ಎನ್ನುತ್ತಿದ್ದರು. ಯಾವ ಸಂಜೆ ಎಂದು ಹೇಳುತ್ತಿರಲಿಲ್ಲ. ಗಿರಾಕಿಗಳು ಬೈದುಕೊಂಡು ಮನೆಯಲ್ಲೇ ಹಾಕಿಸಿಕೊಳ್ಳುತ್ತಿದ್ದರು.

ಆ ದಿನ ಮಾತ್ರ ಬಾಕಿ ಉಳಿದದ್ದು ಗಿರಾಕಿಯ ಗುಂಡಿಯಲ್ಲ. ಮಗಳಿಗೆ ದೂರದ ಚಳಿಯ ಊರೊಂದರ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಬೆಳಗಾದರೆ ರೈಲು. ಅವಳಿಗೆಂದು ಮಾಸ್ಟರು ಹೊಲಿದ ಕಂದು ಬಣ್ಣದ ಉಣ್ಣೆಯ ಕೋಟು ಹ್ಯಾಂಗರಿನಲ್ಲಿ ತೂಗುತ್ತಿತ್ತು. ಕತ್ತಿನ ಬಳಿಯ ಗುಂಡಿ ಮಾತ್ರ ಇನ್ನೂ ಡಬ್ಬಿಯಲ್ಲೇ ಇತ್ತು.

ಸಂಜೆ ಮಗಳು ಪೆಟ್ಟಿಗೆ ಕಟ್ಟಿ ಮುಗಿಸಿ ಬಂದು, ಎರಡು ಜಾಯ್‌ಸ್ಟಿಕ್ಕುಗಳನ್ನು ಎತ್ತಿಕೊಂಡಳು.

"ಅಪ್ಪಾ, ಕೋಟೆ ಆಟ ಇವತ್ತು ಮುಗಿಸಿಬಿಡೋಣ."

ಕೋಟೆ ಆಟ ಅಪ್ಪ ಮಗಳು ಜೋಡಿಯಾಗಿ ಆಡುತ್ತಿದ್ದದ್ದು. ಅವಳು ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲೇ ಕೊನೆಯ ಬಾಗಿಲ ತನಕ ಬಂದಿದ್ದರು. ಅದರ ಹಿಂದೆ ರಾಕ್ಷಸ. ಅಂದಿನಿಂದ ಇಬ್ಬರೂ ಬಾಗಿಲ ಹೊರಗೇ ನಿಂತಿದ್ದರು.

"ಆ ಆಟವಾ? ಬೇಡ ಚಿನ್ನು. ಅದರ ಕೊನೆ ಚೆನ್ನಾಗಿಲ್ಲ."

"ನೀವು ನೋಡಿದೀರಾ?"

"ನೋಡಬೇಕಾ? ಬಟ್ಟೆ ಮುಟ್ಟಿದ್ರೆ ಒಗೆದ ಮೇಲೆ ಹೇಗಾಗುತ್ತೆ ಅಂತ ಹೇಳಲ್ವಾ ನಾನು?"

"ಸರಿ, ಸೈನಿಕನ ಆಟದ ಕೊನೇಲಿ ಏನಾಗುತ್ತೆ ಹೇಳಿ."

"ಅದೂ... ಯುದ್ಧ ನಿಲ್ಲುತ್ತೆ."

"ಬೇಸಾಯದ್ದು?"

"ಬೆಳೆ... ಬರುತ್ತೆ."

ಮಗಳು ಸೊಂಟದ ಮೇಲೆ ಕೈಯಿಟ್ಟಳು. "ಅಪ್ಪಾ! ನೀವು ಒಂದಾಟಾನೂ ಮುಗಿಸೇ ಇಲ್ಲ!"

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಮುಗಿಸಿದ್ರೆ ಮುಗಿದುಹೋಗುತ್ತಲ್ಲ ಮಗಳೇ," ಎಂದರು. ಧ್ವನಿ ಆಚಾರ್ಯರದ್ದಾಗಿರಲಿಲ್ಲ.

ಮಗಳು ಒಂದು ಜಾಯ್‌ಸ್ಟಿಕ್ಕನ್ನು ಅವರ ಮಡಿಲಲ್ಲಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಮಾಸ್ಟರು ಒಪ್ಪಲೇಬೇಕಾಯಿತು. ಬಾಗಿಲು ಕಿರ್ರೆಂದಿತು. ಒಳಗೆ ರಾಕ್ಷಸ, ಮನೆಯಷ್ಟು ದೊಡ್ಡವನು. (ಅವನ ಕೋಟಿನ ತೋಳು ಒಂದು ಗಿಡ್ಡ, ಒಂದು ಉದ್ದ. ಮಾಸ್ಟರು ಆ ಗಾಬರಿಯಲ್ಲೂ ಗಮನಿಸಿದರು.)

"ಬಲಗಡೆಯಿಂದ ನೀನು ಹೋಗು, ಎಡಗಡೆಯಿಂದ ನಾನು!"

"ಎಡಗಡೆ ಬೇಡ ರೀ. ಅಲ್ಲಿ ನೆಲ ಕುಸಿಯುತ್ತೆ," ಎಂದಿತು ಹಿಂದಿನಿಂದ ಒಂದು ಧ್ವನಿ.

ಅಪ್ಪ ಮಗಳು ಇಬ್ಬರೂ ಆಟ ನಿಲ್ಲಿಸಿ ಹಿಂದೆ ತಿರುಗಿದರು. ಟೀಚರ್ ಇಸ್ತ್ರಿ ಮೇಜಿನ ಬಳಿ ಕುಳಿತು ಬಟಾಣಿ ಬಿಡಿಸುತ್ತಿದ್ದಳು.

"ನಿನಗೆ ಹೇಗೆ ಗೊತ್ತು?"

"ಮೊದಲ ಸಲ ನಾನೂ ಅಲ್ಲೇ ಬಿದ್ದೆ."

"ಮೊದಲ ಸಲವಾ?"

"ನೀವು ಮಧ್ಯಾಹ್ನ ಊಟ ಮಾಡಿ ಗೊರಕೆ ಹೊಡೀತಾ ಮಲಗಿರ್ತೀರಲ್ಲ. ನಾನು ಸ್ಕೂಲಿಂದ ಬಂದು ಏನು ಮಾಡಲಿ? ನಿಮ್ಮ ಆಟ ಕೆಡಿಸಿಲ್ಲ, ನಂದು ಬೇರೆ ಸೇವ್ ಮಾಡಿ ಇಟ್ಕೊಂಡಿದ್ದೀನಿ."

"ಎಲ್ಲಾ ಆಟಾನೂ... ಮುಗಿಸಿದೀಯಾ?"

"ಕೆಲವು ಎರಡೆರಡು ಸಲ."

ಮಾಸ್ಟರು ಜಾಯ್‌ಸ್ಟಿಕ್ಕನ್ನು ಮಡಿಲಿಗೆ ಇಳಿಸಿದರು. "ಹಾಗಾದ್ರೆ ನಾನು ಗಿರಾಕಿಗಳಿಗೆ ಕೊನೆ ಬಗ್ಗೆ ಹೇಳ್ತಿದ್ದಾಗೆಲ್ಲ ನೀನು ಎದ್ದು ಒಳಗೆ ಹೋಗ್ತಿದ್ದದ್ದು..."

"ನಗೋಕೆ," ಎಂದಳು ಟೀಚರ್. "ಅವರ ಮುಂದೆ ನಕ್ಕರೆ ನಿಮ್ಮ ಮರ್ಯಾದೆ ಏನಾಗ್ಬೇಕು?"

ಮಗಳು ಸ್ಟೂಲಿನ ಮೇಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಸ್ಟರು ಮುಖ ಊದಿಸಿಕೊಂಡರು. ಟೀಚರ್ ಬಟಾಣಿಯ ಪಾತ್ರೆ ಕೆಳಗಿಟ್ಟು ಗಂಡನ ಕುರ್ಚಿಯ ಹಿಂದೆ ಬಂದು ನಿಂತಳು.

"ಒಂದು ವಿಷಯ ಕೇಳಿ ಇಲ್ಲಿ. ರಾಕ್ಷಸ ಬಿದ್ದ ತಕ್ಷಣ ಆಟ ನಮ್ಮನ್ನ ಆಚೆ ತಳ್ಳಲ್ಲ. ವಾಪಸ್ ಆಟ ಶುರುವಾದ ಊರಿಗೇ ಬಿಡುತ್ತೆ. ಅದೇ ಬಾವಿ, ಅದೇ ಕುದುರೆ. ಬೇಕಾದಷ್ಟು ಹೊತ್ತು ಓಡಾಡ್ಕೊಂಡಿರಬಹುದು. ಕೊನೆ ಚೆನ್ನಾಗೇ ಇದೆ ರೀ."

"ನಿಜವಾಗ್ಲೂ?"

"ನಾನ್ಯಾಕೆ ಸುಳ್ಳು ಹೇಳಲಿ? ಮೊದಲು ಅವನ ಕೈಲಿರೋ ದೀಪ ಆರಿಸಿ, ಆಮೇಲೆ ಕಾಲಿಗೆ ಹೊಡೀರಿ."

ದೀಪ ಆರಿತು. ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ಮಾಸ್ಟರ ನಿದ್ದೆ ಕೆಡಿಸಿದ ರಾಕ್ಷಸ, ಮೂಟೆ ಉರುಳಿದ ಹಾಗೆ ಉರುಳಿಕೊಂಡ. ಪರದೆಯ ಮೇಲೆ ಬೆಳಕಾಯಿತು. ಊರು ಬಂತು. ಬಾವಿ ಇತ್ತು, ಕುದುರೆಯೂ ಇತ್ತು. ಅಪ್ಪನ ಬೊಂಬೆಯೂ ಮಗಳ ಬೊಂಬೆಯೂ ಬಾವಿಕಟ್ಟೆಯ ಹತ್ತಿರ ನಿಂತಿದ್ದವು. ಮಾಸ್ಟರಿಗೆ ಕಣ್ಣು ಮಂಜಾಯಿತು. ಹಾಳು ಪರದೆ, ಬೆಳಕು ಜಾಸ್ತಿ ಎಂದು ಗೊಣಗಿ ಅಂಗಿಯ ತೋಳಿನಲ್ಲಿ ಒರೆಸಿಕೊಂಡರು.

ಆಮೇಲೆ ಯಾರೂ ಹೇಳದೆಯೇ ಎದ್ದರು. ಹ್ಯಾಂಗರಿನಿಂದ ಕೋಟು ಇಳಿಸಿ, ಡಬ್ಬಿಯಿಂದ ಗುಂಡಿ ತೆಗೆದು, ಸೂಜಿಗೆ ಮೂರನೇ ಪ್ರಯತ್ನದಲ್ಲಿ ದಾರ ಪೋಣಿಸಿದರು. ಮೂಗು ಸೊರಸೊರ ಎನ್ನುತ್ತಿದ್ದರೂ ಕೈ ನಿಲ್ಲಲಿಲ್ಲ. ಬಿಗಿಯಾಗಿ ಹೊಲಿದು, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, "ಹಾ! ಮುಗೀತು!" ಎಂದು ಗರ್ವದಿಂದ ಮಗಳ ಕೈಗಿತ್ತರು.

ಮಗಳು ಹಾಕಿಕೊಳ್ಳಲು ಹೋದಳು. ಕೆಳಗಿನ ಗುಂಡಿಗಳೆಲ್ಲ ಬಿಚ್ಚಿದವು. ಕತ್ತಿನದು ಮಾತ್ರ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಟೀಚರ್ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಯ್ಯೋ ದೇವರೇ! ಕತ್ತಿನ ಎರಡೂ ಬದಿ ಸೇರಿಸಿ ಹೊಲಿದಿದ್ದೀರಲ್ರೀ! ಇದು ಕೋಟೋ, ಗೋಣಿಚೀಲವೋ?"

ಮಾಸ್ಟರ ಮುಖ ಬೆಂದ ಬದನೆಕಾಯಿಯಾಯಿತು. ಕತ್ತರಿಗೆ ಕೈ ಹಾಕಿದರು. ಅಷ್ಟರಲ್ಲಿ ಮಗಳು ಕತ್ತರಿಯನ್ನು ಎತ್ತಿಕೊಂಡು ಹಿಂದೆ ಬಚ್ಚಿಟ್ಟಳು. ಕೋಟನ್ನು ತಲೆಯ ಮೇಲಿಂದ ತೂರಿಸಿ, ಕೂದಲೆಲ್ಲ ಕೆದರಿ, ಕೆಂಪಾದ ಮೂಗಿನೊಡನೆ ಕಾಲರಿನಿಂದ ಹೊರಬಂದಳು.

"ಬಿಚ್ಚಬೇಡಿ ಅಪ್ಪಾ. ಹೀಗೇ ಹಾಕ್ಕೊಂಡು ಹೋಗ್ತೀನಿ. ರಜಕ್ಕೆ ಬರ್ತೀನಲ್ಲ, ಆಗ ಸರಿ ಮಾಡಿಕೊಡಿ. ಒಂದೇ ಒಂದು ಗುಂಡಿ ಬಾಕಿ."

"ಯಾವಾಗ ಬರ್ತೀಯಾ?" ಎಂದು ಕೇಳಿದರು ಮಾಸ್ಟರು.

"ಸಂಜೆ," ಎಂದಳು ಮಗಳು. ಯಾವ ಸಂಜೆ ಎಂದು ಹೇಳಲಿಲ್ಲ.